ಜನಾಭಿಪ್ರಾಯವೂ ಭವಿಷ್ಯವಾಣಿಯೂ

ಚುನಾವಣೆ ಸಮೀಪಿಸಿತೆಂದರೆ ನಮ್ಮ ಮುಂದೆ ಎರಡು ಪ್ರಶ್ನೆಗಳು ಜೊತೆಯಾಗಿ ಬಂದು ನಿಲ್ಲುತ್ತವೆ. ಯಾರು ಗೆಲ್ಲಬೇಕು ಎಂಬುದು ಒಂದು. ಯಾರು ಗೆಲ್ಲುವರು ಎಂಬುದು ಇನ್ನೊಂದು. ಮೊದಲನೆಯದು ವಿವೇಕಕ್ಕೆ ಸಂಬಂಧಿಸಿದುದು. ಎರಡನೆಯದು ಊಹೆಗೆ ಸಂಬಂಧಿಸಿದುದು. ಕೇಳುವುದಕ್ಕೆ ಇವು ಅಕ್ಕತಂಗಿಯರಂತೆ ತೋರಿದರೂ ಇವುಗಳ ಕುಲ ಬೇರೆ, ಶೀಲ ಬೇರೆ. ಆದರೆ ನಮ್ಮ ಗಡಹಿಂಗ್ಲಜದ ಪೇಟೆಯಲ್ಲಾಗಲಿ, ಬಸ್ಸಿನ ನಿಲ್ದಾಣದಲ್ಲಾಗಲಿ, ಶಿಕ್ಷಕರ ಕೊಠಡಿಯಲ್ಲಾಗಲಿ ಕಿವಿಗೊಟ್ಟು ಕೇಳಿದರೆ, ಮೊದಲನೆಯ ಪ್ರಶ್ನೆಯನ್ನು ಎತ್ತುವವರು ವಿರಳ. ಎರಡನೆಯದರ ಮೇಲೆಯೇ ಗಂಟೆಗಟ್ಟಲೆ ವಾದ ನಡೆಯುತ್ತದೆ. ಕೊನೆಗೆ ಗೆಲ್ಲುವವನು ಇಂಥವನೇ ಎಂದು ಗೊತ್ತುಮಾಡಿಕೊಂಡು, "ಹಾಗಾದರೆ ನಮ್ಮ ಮತವೂ ಅವನಿಗೇ ಇರಲಿ, ವ್ಯರ್ಥವಾಗಬಾರದು" ಎಂದು ನಿಶ್ಚಯಿಸುವವರೂ ಉಂಟು. ಹೀಗೆ ಊಹೆಯು ವಿವೇಕದ ಪೀಠವನ್ನೇರುವುದು ಸರಿಯೆ? ಇದನ್ನೇ ನಾವು ಇಲ್ಲಿ ವಿಚಾರಿಸಬೇಕೆಂದಿದ್ದೇವೆ.

ಮುಂದಾಗುವುದನ್ನು ಅಳೆದು ಹೇಳುವ ವಿದ್ಯೆಯೇ ಹೀನವೆಂದು ಯಾರೂ ತಿಳಿಯಬಾರದು. ಒಂದು ಅಗುಳನ್ನು ಹಿಸುಕಿ ನೋಡಿ ಪಾತ್ರೆಯ ಅನ್ನವೆಲ್ಲ ಬೆಂದಿದೆಯೆಂದು ನಿರ್ಣಯಿಸುವುದನ್ನು ನಮ್ಮ ಹಿರಿಯರು ಸ್ಥಾಲೀಪುಲಾಕ ನ್ಯಾಯವೆಂದು ಕರೆದರು. ಇಂದಿನ ಜನಾಭಿಪ್ರಾಯದ ಸಮೀಕ್ಷೆಯು ನಿಂತಿರುವುದು ಈ ನ್ಯಾಯದ ಮೇಲೆಯೇ. ಕೆಲವು ಸಾವಿರ ಜನರನ್ನು ಕೇಳಿ ಕೋಟಿ ಜನರ ಮನಸ್ಸನ್ನು ತಿಳಿಯಬಹುದು. ಆದರೆ ಆ ಕೆಲವರು ಪಾತ್ರೆಯ ಎಲ್ಲ ಭಾಗಗಳಿಂದಲೂ ಬಂದಿರಬೇಕು.

ಈ ನಿಯಮವನ್ನು ಮರೆತರೆ ಏನಾಗುವುದೆಂಬುದನ್ನು ಅಮೆರಿಕದ ಅಧ್ಯಕ್ಷ ಪದವಿಯ ಚುನಾವಣೆಗಳು ಲೋಕಕ್ಕೆ ತೋರಿಸಿಕೊಟ್ಟವು. 1936ರಲ್ಲಿ ಅಲ್ಲಿಯ 'ಲಿಟರರಿ ಡೈಜೆಸ್ಟ್' ಎಂಬ ಪತ್ರಿಕೆಯು ಸುಮಾರು 1 ಕೋಟಿ ಜನರಿಗೆ ಪತ್ರ ಬರೆದು ಅವರ ಮತವನ್ನು ಕೇಳಿತು; 20 ಲಕ್ಷಕ್ಕೂ ಮಿಕ್ಕು ಉತ್ತರಗಳು ಬಂದವು. ಅವುಗಳ ಬಲದಿಂದ ಲ್ಯಾಂಡನ್ನರು ಗೆಲ್ಲುವರೆಂದು ಅದು ಸಾರಿತು. ಆದರೆ 48 ರಾಜ್ಯಗಳಲ್ಲಿ 46ನ್ನು ರೂಸ್‌ವೆಲ್ಟರು ಗೆದ್ದರು. ಪತ್ರಿಕೆಯು ವಿಳಾಸಗಳನ್ನು ಆರಿಸಿದ್ದು ಟೆಲಿಫೋನು ಉಳ್ಳವರ, ಮೋಟಾರು ಉಳ್ಳವರ ಪಟ್ಟಿಗಳಿಂದ. ಆರ್ಥಿಕ ಕುಸಿತದ ಆ ಕಾಲದಲ್ಲಿ ಬಡವನ ಮನೆಯಲ್ಲಿ ಅವೆರಡೂ ಇರಲಿಲ್ಲ. ಅಲ್ಲದೆ ಪತ್ರ ತಲುಪಿದವರಲ್ಲಿಯೂ ಉತ್ತರಿಸಿದವರು ಕಾಲು ಭಾಗದಷ್ಟು ಮಾತ್ರ. ಅದೇ ವರ್ಷ ಜಾರ್ಜ್ ಗ್ಯಾಲಪ್ಪರು ಅದಕ್ಕಿಂತ ಎಷ್ಟೋ ಕಡಮೆ ಜನರನ್ನು, ಆದರೆ ಎಲ್ಲ ವರ್ಗಗಳಿಂದ ಆರಿಸಿ ಕೇಳಿ, ರೂಸ್‌ವೆಲ್ಟರ ಗೆಲುವನ್ನು ಮೊದಲೇ ಹೇಳಿದ್ದರು.

ಆದರೆ ಗ್ಯಾಲಪ್ಪರ ವಿದ್ಯೆಯೂ 1948ರಲ್ಲಿ ಎಡವಿತು. ಡ್ಯೂಯಿಯವರು ಗೆಲ್ಲುವುದು ಖಚಿತವೆಂದು ಬಗೆದ ಸಮೀಕ್ಷಕರು ಚುನಾವಣೆಗೆ ಕೆಲವು ವಾರಗಳ ಮೊದಲೇ ಪ್ರಶ್ನಿಸುವುದನ್ನು ನಿಲ್ಲಿಸಿದರು. ಜನರಾದರೋ ಆಲೋಚಿಸುವುದನ್ನು ನಿಲ್ಲಿಸಿರಲಿಲ್ಲ. ಶಿಕಾಗೊ ನಗರದ 'ಟ್ರಿಬ್ಯೂನ್' ಪತ್ರಿಕೆಯು ಡ್ಯೂಯಿಯವರ ಜಯವನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚುಮಾಡಿತು. ಗೆದ್ದ ಟ್ರೂಮನ್ನರು ಅದೇ ಪತ್ರಿಕೆಯನ್ನು ಕೈಯಲ್ಲೆತ್ತಿ ಹಿಡಿದು ನಕ್ಕರು. ಇನ್ನು 2016ರಲ್ಲಿ ರಾಷ್ಟ್ರಾದ್ಯಂತದ ಸಮೀಕ್ಷೆಗಳು ಹಿಲರಿ ಕ್ಲಿಂಟನ್ನರು ಮುಂದಿರುವರೆಂದವು. ಮತಗಳ ಒಟ್ಟು ಲೆಕ್ಕದಲ್ಲಿ ಅದು ನಿಜವೂ ಆಯಿತು; ಅವರಿಗೆ ಸುಮಾರು 28 ಲಕ್ಷ ಮತಗಳು ಹೆಚ್ಚಾಗಿಯೇ ಬಂದವು. ಆದರೆ ಅಲ್ಲಿ ಅಧ್ಯಕ್ಷರನ್ನು ನಿಶ್ಚಯಿಸುವುದು ರಾಜ್ಯಗಳ ಹೆಸರಿನಲ್ಲಿ ಆಯ್ಕೆಯಾಗುವ 538 ನಿರ್ವಾಚಕರು. ಆ ಎಣಿಕೆಯಲ್ಲಿ ಡೊನಾಲ್ಡ್ ಟ್ರಂಪರು ಗೆದ್ದರು. ಯಾರನ್ನು ಕೇಳಿದೆವು, ಯಾವಾಗ ಕೇಳಿದೆವು, ಯಾವ ಲೆಕ್ಕಕ್ಕಾಗಿ ಕೇಳಿದೆವು ಎಂಬ ಮೂರನ್ನೂ ಅರಿಯದವನಿಗೆ ಸಮೀಕ್ಷೆಯ ಅಂಕಿಯು ಕುರುಡನ ಕೈಯ ಕನ್ನಡಿಯಷ್ಟೆ.

ದೂರದ ಮಾತೇಕೆ? ಗಡಿಯ ಆಚೆಗೂ ಈಚೆಗೂ ನಮಗೆ ಎರಡು ಉದಾಹರಣೆಗಳಿವೆ. 1984ರ ಡಿಸೆಂಬರಿನಲ್ಲಿ ನಡೆದ ಲೋಕಸಭೆಯ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಬಂದವು. ರಾಜ್ಯವನ್ನಾಳುತ್ತಿದ್ದ ಜನತಾ ಪಕ್ಷಕ್ಕೆ ದೊರೆತವು 4. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆಯಿತ್ತು ಜನರ ಮುಂದೆ ಮತ್ತೆ ಹೋದರು. ಮೂರು ತಿಂಗಳು ತುಂಬುವುದರೊಳಗೆ, 1985ರ ಮಾರ್ಚಿಯಲ್ಲಿ, ಅದೇ ಜನರು ವಿಧಾನಸಭೆಯ 224 ಸ್ಥಾನಗಳಲ್ಲಿ 139ನ್ನು ಅದೇ ಜನತಾ ಪಕ್ಷಕ್ಕೆ ಕೊಟ್ಟರು. ಇತ್ತ ನಮ್ಮ ಮಹಾರಾಷ್ಟ್ರದಲ್ಲಿ, 2024ರ ಜೂನ್ ತಿಂಗಳ ಫಲಿತಾಂಶದಲ್ಲಿ ಲೋಕಸಭೆಯ 48 ಸ್ಥಾನಗಳ ಪೈಕಿ 30 ಮಹಾವಿಕಾಸ ಆಘಾಡಿಗೆ ಹೋದವು. ನವೆಂಬರಿನಲ್ಲಿ ಎಣಿಸಿದಾಗ ವಿಧಾನಸಭೆಯ 288 ಸ್ಥಾನಗಳಲ್ಲಿ 230 ಮಹಾಯುತಿಯ ಮೂರು ಪಕ್ಷಗಳಿಗೆ ಬಂದವು. ಮೊದಲನೆಯ ಎಣಿಕೆಯನ್ನೇ ಹಿಡಿದು ಎರಡನೆಯದನ್ನು ನುಡಿಯಲು ಹೊರಟವನ ಗತಿಯೇನು? ಜನರು ಚಂಚಲರೆಂದು ಇದರಿಂದ ಹಳಿಯುವವರುಂಟು. ನಮಗೆ ಹಾಗೆ ತೋರುವುದಿಲ್ಲ. ದಿಲ್ಲಿಗೆ ಯಾರೆಂಬುದು ಒಂದು ಪ್ರಶ್ನೆ, ಬೆಂಗಳೂರಿಗೆ ಯಾರೆಂಬುದು ಇನ್ನೊಂದು ಪ್ರಶ್ನೆ. ಬೇರೆ ಪ್ರಶ್ನೆಗೆ ಬೇರೆ ಉತ್ತರ ಕೊಡುವುದು ಆಲೋಚನೆಯ ಲಕ್ಷಣವೇ ಹೊರತು ಚಾಂಚಲ್ಯವಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಗ್ರಹಣವು ಇಂಥ ಗಳಿಗೆಗೆ ಹಿಡಿಯುವುದೆಂದು ಪಂಚಾಂಗವು ಹೇಳಿದರೆ ಚಂದ್ರನು ಅದನ್ನು ಕೇಳಿಸಿಕೊಳ್ಳುವುದಿಲ್ಲ. ತನ್ನ ದಾರಿಯಲ್ಲಿ ತಾನು ಹೋಗುತ್ತಾನೆ. ಜನರು ಹಾಗಲ್ಲ; ತಮ್ಮನ್ನು ಕುರಿತು ನುಡಿದ ಭವಿಷ್ಯವನ್ನು ಅವರು ಕೇಳಿಸಿಕೊಳ್ಳುತ್ತಾರೆ, ಕೇಳಿ ಬದಲಾಗುತ್ತಾರೆ. ಒಬ್ಬನು ಗೆಲ್ಲುವವನ ಬೆನ್ನು ಹಿಡಿಯುತ್ತಾನೆ. ಮತ್ತೊಬ್ಬನು ಹೇಗೂ ಗೆದ್ದಾಯಿತೆಂದು ಮನೆಯಲ್ಲಿಯೇ ಉಳಿಯುತ್ತಾನೆ. ಮೂರನೆಯವನು ಸೋಲುವವನ ಮೇಲೆ ಮರುಕಗೊಳ್ಳುತ್ತಾನೆ. ಮತದಾನವು ಎಲ್ಲ ಹಂತಗಳಲ್ಲಿಯೂ ಮುಗಿಯುವವರೆಗೆ ಮತಗಟ್ಟೆ ಸಮೀಕ್ಷೆಯ ಫಲವನ್ನು ಪ್ರಕಟಿಸಬಾರದೆಂದು ನಮ್ಮ ಜನತಾ ಪ್ರಾತಿನಿಧ್ಯ ಕಾಯದೆಯ 126ಎ ಕಲಮು ವಿಧಿಸಿರುವುದು ಇದಕ್ಕಾಗಿಯೇ. 2024ರಲ್ಲಿ ಕೊನೆಯ ಹಂತ ಮುಗಿದ ಸಂಜೆ ಹೊರಬಿದ್ದ ಹಲವು ಸಮೀಕ್ಷೆಗಳು ಆಳುವ ಮೈತ್ರಿಕೂಟಕ್ಕೆ 350ಕ್ಕೂ ಹೆಚ್ಚು ಸ್ಥಾನಗಳೆಂದವು. ಜೂನ್ 3ರಂದು ಶೇರು ಪೇಟೆಯು ಏರಿತು. 4ರಂದು ಎಣಿಕೆಯಲ್ಲಿ 293 ಎಂದು ಕಾಣತೊಡಗಿದಾಗ ಕುಸಿಯಿತು. ಆಡಿದ ಮಾತಿಗೆ ಬೆಲೆ ತೆತ್ತವರು ಆಡಿದವರಲ್ಲ, ನಂಬಿದವರು.

ಆದುದರಿಂದ ಭವಿಷ್ಯ ನುಡಿಯುವವನ ಮೇಲೆ ಒಂದು ಧರ್ಮದ ಹೊಣೆಯಿದೆ: ತಾನು ಎಷ್ಟು ಜನರನ್ನು, ಎಲ್ಲಿ, ಯಾವಾಗ ಕೇಳಿದೆನೆಂಬುದನ್ನು ಮುಚ್ಚಿಡದೆ ಹೇಳಬೇಕು, ತನ್ನ ಮಾತು ಎಷ್ಟರ ಮಟ್ಟಿಗೆ ತಪ್ಪಬಹುದೆಂಬುದನ್ನೂ ಹೇಳಬೇಕು. ಕೇಳುವವನ ಮೇಲೆ ಇರುವ ಹೊಣೆ ಇದಕ್ಕಿಂತಲೂ ದೊಡ್ಡದು. ಅದು ಯಾವುದು?

ಇದನ್ನು ಅರಿಯಲು ಗಡಿಭಾಗದ ಕನ್ನಡಿಗರಾದ ನಾವು ಚುನಾವಣೆಯವರೆಗೂ ಹೋಗಬೇಕಾಗಿಲ್ಲ. "ಇನ್ನು ಹತ್ತು ವರ್ಷಕ್ಕೆ ಈ ಕಡೆ ಕನ್ನಡ ಶಾಲೆ ಉಳಿಯದು" ಎಂಬ ಮಾತನ್ನು ಯಾರು ಕೇಳಿಲ್ಲ? ಆಡುವವನು ಶತ್ರುವೇ ಆಗಬೇಕೆಂದಿಲ್ಲ. ಮನೆಯಲ್ಲಿ ಕನ್ನಡವನ್ನೇ ಆಡುವ ತಂದೆಯೂ ಹೀಗೆನ್ನುತ್ತಾನೆ. ಎಂದು, ತನ್ನ ಮಗನನ್ನು ಬೇರೆ ಶಾಲೆಗೆ ಸೇರಿಸುತ್ತಾನೆ. ಅದನ್ನು ಕಂಡು ನೆರೆಯವನೂ ಹಾಗೆಯೇ ಮಾಡುತ್ತಾನೆ. ಪಟದಲ್ಲಿ ಹೆಸರುಗಳು ಕಡಮೆಯಾಗಿ ಶಾಲೆ ಮುಚ್ಚಿದ ದಿನ, "ನಾನು ಮೊದಲೇ ಹೇಳಿರಲಿಲ್ಲವೆ?" ಎಂದು ಇಬ್ಬರೂ ಹೇಳುತ್ತಾರೆ. ಅವರ ಭವಿಷ್ಯವಾಣಿಯೇನೋ ಸತ್ಯವಾಯಿತು. ಆದರೆ ಅದನ್ನು ಸತ್ಯ ಮಾಡಿದವರು ಯಾರು? ತಂದೆಯು ಮಗುವಿನ ಹಿತವನ್ನು ತೂಗಿ ನೋಡಿ ಬೇರೆ ಶಾಲೆಯನ್ನು ಆರಿಸಿದ್ದರೆ ಅದು ಅವನ ನಿರ್ಣಯ, ಅದನ್ನು ನಾವು ಗೌರವಿಸಬೇಕು. ಆದರೆ ನಾಲ್ಕು ಜನ ಹೋಗುವರೆಂದು ತಾನೂ ಹೋದುದು ನಿರ್ಣಯವೇ ಅಲ್ಲ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸಲು ತಕ್ಕ ಅನುಕೂಲವನ್ನು ರಾಜ್ಯವು ಒದಗಿಸಲು ಯತ್ನಿಸಬೇಕೆಂದು ನಮ್ಮ ಸಂವಿಧಾನದ 350ಎ ವಿಧಿಯು ಹೇಳುತ್ತದೆ. ರಾಜ್ಯಗಳು ಭಾಷೆಯನ್ನನುಸರಿಸಿ ಪುನರ್ರಚಿತವಾದ 1956ರಲ್ಲಿಯೇ ಅದು ಸೇರಿತು. ಗಡಿಯ ಗೆರೆಯನ್ನು ಎಲ್ಲಿ ಎಳೆದರೂ ಎರಡು ಕಡೆಗೂ ಕೆಲವರು ಎಣಿಕೆಯಲ್ಲಿ ಕಡಮೆಯಾಗಿಯೇ ಉಳಿಯುತ್ತಾರೆ. ಬೆಳಗಾವಿ ಜಿಲ್ಲೆಯಲ್ಲಿದ್ದ ಚಂದಗಡ ತಾಲೂಕು ಆ ವರ್ಷ ಈ ಕಡೆಗೆ ಉಳಿಯಿತು. ಬೆಳಗಾವಿಯ ಮರಾಠಿಗರು ಆ ಕಡೆಗೆ ಉಳಿದರು. ಆ ವಿಧಿಯು ಯಾವ ಭಾಷೆ ಮುಂದೆ ಗೆಲ್ಲುವುದೆಂದು ಕೇಳಲಿಲ್ಲ. ಮಗುವಿಗೆ ಸಲ್ಲಬೇಕಾದುದು ಯಾವುದೆಂದು ಮಾತ್ರ ಕೇಳಿತು. ಎಣಿಕೆಯಲ್ಲಿ ಕಡಮೆಯಿರುವುದು ಬೇರೆ, ನ್ಯಾಯದಲ್ಲಿ ಕಡಮೆಯಿರುವುದು ಬೇರೆ. ಈ ಭೇದವನ್ನು ಬಹುಸಂಖ್ಯಾತನು ಪುಸ್ತಕದಿಂದ ಕಲಿಯಬೇಕಾದೀತು. ನಾವು ಬಾಳಿ ಕಲಿತಿದ್ದೇವೆ. ಕಲಿತ ಮೇಲೆ ಮತಪೆಟ್ಟಿಗೆಯ ಮುಂದೆ ಅದನ್ನು ಮರೆಯುವುದು ತರವೆ?

ಇಲ್ಲಿ ಒಂದು ಆಕ್ಷೇಪವುಂಟು. "ಉತ್ತಮನು ಗೆಲ್ಲಲಾರನು, ಇಬ್ಬರು ಬಲಿಷ್ಠರಲ್ಲಿ ಒಬ್ಬನು ಮಧ್ಯಮ, ಒಬ್ಬನು ಅಧಮ. ಅಧಮನನ್ನು ತಡೆಯಲು ಮಧ್ಯಮನಿಗೆ ಮತ ಕೊಟ್ಟರೆ ತಪ್ಪೆ?" ತಪ್ಪಲ್ಲ. ಅಲ್ಲಿ ಮತದಾರನು ಊರಿಗೆ ಯಾವುದು ಕೇಡೆಂಬುದನ್ನು ತಾನೇ ನಿರ್ಣಯಿಸಿದ್ದಾನೆ. ಊಹೆಯು ಅವನ ಸೇವಕನಾಗಿ ದಾರಿ ತೋರಿಸಿದೆ. ಗೆಲ್ಲುವವನೆಂಬ ಒಂದೇ ಕಾರಣಕ್ಕೆ ಮತ ಕೊಟ್ಟವನಲ್ಲಿ ಊಹೆಯು ಯಜಮಾನನಾಗಿದೆ. ಕುದುರೆಯ ಜೂಜಿನಲ್ಲಿ ಗೆಲ್ಲುವ ಕುದುರೆಗೆ ಹಣ ಕಟ್ಟಿದವನಿಗೆ ಪಾಲು ಸಿಗುತ್ತದೆ. ಗೆದ್ದವನಿಗೆ ಮತ ಹಾಕಿದ್ದರಿಂದ ಮತದಾರನಿಗೆ ಸಿಗುವ ಪಾಲು ಯಾವುದು? ಸೋತವನಿಗೆ ಹಾಕಿದ ಮತವಾದರೋ ಎಣಿಕೆಯ ಪುಸ್ತಕದಲ್ಲಿ ಉಳಿಯುತ್ತದೆ. ಗೆದ್ದವನು ಅದನ್ನು ಓದುತ್ತಾನೆ, ಇಷ್ಟು ಜನ ತನ್ನನ್ನು ಒಪ್ಪಲಿಲ್ಲವೆಂದು ತಿಳಿಯುತ್ತಾನೆ. ತನ್ನ ಮನಸ್ಸಿಗೆ ವಿರುದ್ಧವಾಗಿ ಹಾಕಿದ ಮತವೊಂದೇ ನಿಜವಾಗಿ ವ್ಯರ್ಥವಾದ ಮತ. ಏಕೆಂದರೆ ಅದು ಜನಾಭಿಪ್ರಾಯದ ಲೆಕ್ಕವನ್ನೇ ಸುಳ್ಳು ಮಾಡುತ್ತದೆ. ಎಲ್ಲರೂ ಎಲ್ಲರ ಮನಸ್ಸನ್ನು ಊಹಿಸುತ್ತ ಕುಳಿತರೆ ಯಾರ ಮನಸ್ಸೂ ಹೊರಗೆ ಬರುವುದಿಲ್ಲ; ಉಳಿಯುವುದು ಪ್ರತಿಧ್ವನಿ ಮಾತ್ರ.

ಶಿಕ್ಷಕ ಬಂಧುಗಳು ಮುಂದಿನ ಚುನಾವಣೆಯ ಕಾಲಕ್ಕೆ ತಮ್ಮ ತರಗತಿಯಲ್ಲಿ ಒಂದು ಸಣ್ಣ ಪ್ರಯೋಗವನ್ನು ಮಾಡಿ ನೋಡಬಹುದು. ಪ್ರಶ್ನೆ ಶಾಲೆಯ ಮಂತ್ರಿಮಂಡಲದ್ದಾದರೂ ಸರಿಯೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ಹಾಳೆಯನ್ನು ಎರಡಾಗಿ ಮಡಿಸಿ, ಒಂದು ಕಡೆ 'ಗೆಲ್ಲಬೇಕಾದವರು' ಎಂದೂ ಇನ್ನೊಂದು ಕಡೆ 'ಗೆಲ್ಲುವವರು' ಎಂದೂ ಹೆಸರು ಬರೆಯಲಿ. ಹೆಸರುಗಳು ಒಂದೇ ಆದರೂ ಚಿಂತೆಯಿಲ್ಲ, ಬೇರೆಯಾದರೂ ಚಿಂತೆಯಿಲ್ಲ. ಮೊದಲನೆಯ ಹೆಸರಿನ ಕೆಳಗೆ ಕಾರಣವನ್ನು ಬರೆಯಲು ಹೇಳಿರಿ. ಆ ಕಾರಣದಲ್ಲಿ ಎರಡನೆಯ ಕಡೆಯ ಮಾತು ನುಸುಳಿದ್ದರೆ ಮಗುವಿಗೆ ಅದನ್ನು ತೋರಿಸಿಕೊಡಿರಿ. ಇಷ್ಟನ್ನು ಬೇರ್ಪಡಿಸಲು ಕಲಿತ ಹುಡುಗ ಹುಡುಗಿಯರು ಮುಂದೆ ಯಾವ ಪಕ್ಷಕ್ಕೆ ಮತ ಹಾಕಿದರೂ, ಅದು ಅವರದೇ ಮತವಾಗಿರುತ್ತದೆ.