ದೇವರ ಬಲ ಯಾರ ಕಾಲಿಗೆ?

‘ದೇವರು ಬಲ ಕೊಡ್ತಾನೆ, ತಾಳ್ಕೋ’ ಅನ್ನೋ ಮಾತನ್ನ ನಮ್ಮ ಕೇರಿಗಳಲ್ಲಿ ಎರಡು ಬಾಯಿಗಳು ಆಡುತ್ತವೆ. ಕೂಲಿ ಕೇಳಲು ಹೋದವನನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸುವ ಒಡೆಯನ ಬಾಯಿ ಒಂದು. ಗುಡಿಸಲು ಸುಟ್ಟುಹೋದ ಮಾರನೇ ದಿನವೇ ಮತ್ತೆ ಗಳ, ಸೋಗೆ ಹೊಂದಿಸಲು ಹೊರಟ ಅವ್ವನ ಬಾಯಿ ಇನ್ನೊಂದು. ಮಾತು ಒಂದೇ, ಅರ್ಥ ಒಂದಲ್ಲ. ಈ ವ್ಯತ್ಯಾಸವನ್ನು ಬಿಡಿಸಿಕೊಳ್ಳದೆ ದೇವರ ಬಗ್ಗೆ ಎಷ್ಟು ವಾದ ಮಾಡಿದರೂ ಅದು ಟೀ ಅಂಗಡಿಯ ವಾದವೇ.

ನಮ್ಮ ಸಂಘಟನೆಗಳಲ್ಲಿ ಕ್ರೈಸ್ತ ದಲಿತರೂ ಇದ್ದಾರೆ. ಧರಣಿಗೆ ಹೊರಡುವ ಮೊದಲು ಕಣ್ಣು ಮುಚ್ಚಿ ನಾಲ್ಕು ಮಾತು ಪ್ರಾರ್ಥನೆ ಮಾಡಿ ಬರೋರು. ಅವರನ್ನು ನೋಡಿ ಮುಸಿಮುಸಿ ನಗೋ ಗೆಳೆಯರೂ ಇದ್ದಾರೆ. ಧರ್ಮ ಅಫೀಮು ಅಂತ ಮಾರ್ಕ್ಸ್ ಅಂದದ್ದು ಎಲ್ಲರಿಗೂ ಬಾಯಿಪಾಠ. ಅದೇ ಪ್ಯಾರಾದಲ್ಲಿ ನೊಂದವರ ಧರ್ಮದ ಬಗ್ಗೆ ಆತ ಮರುಕದಿಂದ ಬರೆದದ್ದನ್ನು ಓದೋರು ಕಡಿಮೆ. ಅಫೀಮು ಕುಡಿದವನು ಮಲಗುತ್ತಾನೆ. ಪ್ರಾರ್ಥನೆ ಮಾಡಿದವನು ಎದ್ದು ನಡೆದರೆ? ಅದಕ್ಕೆ ಏನು ಹೆಸರಿಡೋಣ?

ಎದ್ದು ನಡೆದವರ ಒಂದು ಲೆಕ್ಕ ನಮ್ಮ ಮುಂದಿದೆ. ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮೆರಿ ಊರು. ಬಸ್ಸು ಹತ್ತುವವರಲ್ಲಿ ಮುಕ್ಕಾಲು ಪಾಲು ಕಪ್ಪು ಜನ. ಆದರೆ ಬಿಳಿಯ ಬಂದರೆ ಅವರು ಸೀಟು ಬಿಟ್ಟು ಏಳಬೇಕು. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಏಳಲಿಲ್ಲ. ಪೊಲೀಸರು ಹಿಡಿದುಕೊಂಡು ಹೋದರು. ಆ ರಾತ್ರಿ ಜೋ ಆನ್ ರಾಬಿನ್ಸನ್ ಎಂಬ ಕಾಲೇಜು ಅಧ್ಯಾಪಕಿ ನಿದ್ದೆಗೆಟ್ಟು ಹತ್ತಾರು ಸಾವಿರ ಕರಪತ್ರ ಪ್ರತಿ ತೆಗೆದರು. ಸೈಕ್ಲೋಸ್ಟೈಲ್ ಮಸಿ ಕೈಗೆ ಮೆತ್ತಿಸಿಕೊಂಡ ನಮ್ಮ ಮೇಷ್ಟ್ರುಗಳಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಡಿಸೆಂಬರ್ 5ರಿಂದ ಬಸ್ಸುಗಳು ಖಾಲಿ ಓಡಿದವು. ಒಂದು ದಿನವಲ್ಲ, ಒಂದು ವಾರವಲ್ಲ, 381 ದಿನ. ಬಿಳಿಯರ ಮನೆಯಲ್ಲಿ ಮುಸುರೆ ತಿಕ್ಕುವ, ಬಟ್ಟೆ ಒಗೆಯುವ ಹೆಂಗಸರು ಮೈಲಿಗಟ್ಟಲೆ ನಡೆದರು.

ಅವರು ಸಂಜೆ ಸೇರುತ್ತಿದ್ದದ್ದು ಚರ್ಚುಗಳಲ್ಲಿ. ಹಾಡು, ಪ್ರಾರ್ಥನೆ, ಆಮೇಲೆ ಚಂದಾ ಲೆಕ್ಕ. ಯಾರ ಕಾರು ಎಷ್ಟು ಗಂಟೆಗೆ ಯಾವ ಮೂಲೆಗೆ ಬರುತ್ತೆ ಅನ್ನೋ ಪಟ್ಟಿಯೂ ಅಲ್ಲೇ ತಯಾರಾಗುತ್ತಿತ್ತು. ದೇವರ ಬಲವೂ ಪೆಟ್ರೋಲ್ ಲೆಕ್ಕವೂ ಒಂದೇ ಬೆಂಚಿನ ಮೇಲೆ! ಎದುರು ಪಕ್ಷ ಸುಮ್ಮನಿರಲಿಲ್ಲ. ಕಾರುಗಳ ವಿಮೆ ರದ್ದಾಯಿತು, ಲಂಡನ್ನಿನಿಂದ ಬೇರೆ ವಿಮೆ ತರಿಸಿದರು. 1956ರ ಫೆಬ್ರವರಿಯಲ್ಲಿ ಹಳೇ ಕಾನೂನೊಂದನ್ನು ಕೆದಕಿ ತೆಗೆದು ಎಂಬತ್ತಕ್ಕೂ ಹೆಚ್ಚು ಜನರ ಮೇಲೆ ಕೇಸು ಜಡಿದರು, ಅವರು ತಾವೇ ನಡೆದುಹೋಗಿ ಠಾಣೆಯಲ್ಲಿ ನಿಂತರು. ಕೊನೆಗೆ ನವೆಂಬರಿನಲ್ಲಿ ಕಾರು ಓಡಿಸುವುದಕ್ಕೇ ಕೋರ್ಟಿನಿಂದ ತಡೆ ತಂದರು. ಮತ್ತೆ ಕಾಲೇ ಗತಿಯಾಯಿತು.

ಈ ಹೋರಾಟದ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್‌ಗೆ ಆಗ 27 ವರ್ಷ. 1956ರ ಜನವರಿ 27ರ ರಾತ್ರಿ ಕೊಲ್ಲುತ್ತೇವೆ ಅಂತ ಫೋನು ಬಂತು. ನಿದ್ದೆ ಬರದೆ ಅಡಿಗೆಮನೆಯಲ್ಲಿ ಕಾಫಿ ಕಾಯಿಸಿಕೊಂಡು ಕೂತ. ಯಾರಿಗೂ ಸಣ್ಣವನಾಗದಂತೆ ಈ ಹೊಣೆಯಿಂದ ಜಾರಿಕೊಳ್ಳುವುದು ಹೇಗೆ ಅಂತ ಯೋಚಿಸಿದ. ಇದನ್ನು ಆತನೇ ಆಮೇಲೆ ಬರೆದುಕೊಂಡಿದ್ದಾನೆ. ತನ್ನಲ್ಲಿ ಏನೂ ಉಳಿದಿಲ್ಲ, ಒಬ್ಬನೇ ಇದನ್ನು ಎದುರಿಸಲಾರೆ ಅಂತ ಮೇಜಿನ ಮೇಲೆ ತಲೆಯಿಟ್ಟು ದೇವರಿಗೆ ಹೇಳಿಕೊಂಡ. ನ್ಯಾಯಕ್ಕಾಗಿ ನಿಲ್ಲು, ನಾನು ಜೊತೆಗಿದ್ದೇನೆ ಎಂಬ ಭರವಸೆ ಒಳಗಿನಿಂದ ಬಂತಂತೆ. ಮೂರು ದಿನಕ್ಕೆ ಆತನ ಮನೆಗೆ ಬಾಂಬು ಬಿತ್ತು. ಒಳಗೆ ಹೆಂಡತಿ, ಹಸುಗೂಸು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ದೇವರು ಬಲ ಕೊಟ್ಟ ಅಂದರೆ ಬಾಂಬು ಬೀಳಲಿಲ್ಲ ಅಂತಲ್ಲ. ಬಾಂಬು ಬಿತ್ತು. ಹೆಂಡತಿ, ಮಗು ಉಳಿದದ್ದು ಅವರ ಅದೃಷ್ಟ. ಬಲ ಕಂಡದ್ದು ಆಮೇಲೆ. ಸಿಟ್ಟಿನಿಂದ ಬಂದೂಕು ಹಿಡಿದು ಬಂದಿದ್ದ ತನ್ನ ಜನರನ್ನು ಆತ ಅದೇ ಜಗಲಿಯಲ್ಲಿ ನಿಂತು ಸಮಾಧಾನ ಮಾಡಿ ಮನೆಗೆ ಕಳಿಸಿದ. ಹೋರಾಟ ಮಾತ್ರ ನಿಲ್ಲಲಿಲ್ಲ. ತಾಳ್ಕೋ ಅನ್ನೋ ಒಡೆಯನಿಗೆ ಬೇಕಾಗಿದ್ದ ತಾಳ್ಮೆ ಇದಾಗಿದ್ದರೆ ಬಾಂಬು ಯಾಕೆ ಎಸೆಯುತ್ತಿದ್ದರು?

ಒಡೆಯರಿಗೆ ಇದು ಮೊದಲೇ ಗೊತ್ತಿತ್ತು. 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸಿನ ಗುಲಾಮರಿಗೆಂದೇ ಒಂದು ಬೈಬಲ್ ಅಚ್ಚು ಹಾಕಿಸಿದರು. ಇಸ್ರಾಯೇಲಿನ ಜೀತದಾಳುಗಳು ಈಜಿಪ್ಟಿನ ದೊರೆಯ ಕೈಯಿಂದ ಬಿಡಿಸಿಕೊಂಡು ಹೊರಟ ಕಥೆಯನ್ನು ಅದರಲ್ಲಿ ಕತ್ತರಿಸಿ ಎಸೆದಿದ್ದರು. ಆಳು ಒಡೆಯನ ಮಾತು ಕೇಳಬೇಕು ಅನ್ನೋ ಭಾಗವನ್ನು ಜೋಪಾನವಾಗಿ ಉಳಿಸಿದ್ದರು. ಧರ್ಮ ಬರೀ ಅಫೀಮೇ ಆಗಿದ್ದರೆ ಕತ್ತರಿ ಯಾಕೆ ಬೇಕಿತ್ತು? ಇಡೀ ಪುಸ್ತಕವನ್ನೇ ಕುಡಿಸಬಹುದಿತ್ತಲ್ಲ!

ಆ ಕತ್ತರಿಸಿದ ಕಥೆಯಲ್ಲಿ ನಮಗೆ ಹತ್ತಿರವಾದದ್ದು ಸಮುದ್ರ ಇಬ್ಭಾಗವಾದ ಪವಾಡ ಅಲ್ಲ, ಮರುಭೂಮಿಯ ಮನ್ನಾ. ಬೆಳಿಗ್ಗೆ ನೆಲದ ಮೇಲೆ ಬೀಳುತ್ತಿದ್ದ ಆಹಾರ ಅದು. ಅವತ್ತಿಗೆ ಎಷ್ಟು ಬೇಕೋ ಅಷ್ಟೇ ಆಯ್ದುಕೊಳ್ಳಬೇಕು. ನಾಳೆಗೆ ಅಂತ ಕೂಡಿಟ್ಟರೆ ಹುಳ ಬೀಳುತ್ತಿತ್ತು. ಜಮೀನ್ದಾರನ ಕಣಜದ ಥರ ಅಲ್ಲ, ದಿನಗೂಲಿ ಥರ. ಜಮೀನಿನ ಕೇಸು ಹಿಡಿದು ಇಪ್ಪತ್ತು ವರ್ಷ ತಾಲ್ಲೂಕು ಕಚೇರಿ ಅಲೆದವನನ್ನು ಕೇಳಿ. ಇಪ್ಪತ್ತು ವರ್ಷದ ಧೈರ್ಯ ಒಟ್ಟಿಗೆ ಯಾರಲ್ಲೂ ಇರೋದಿಲ್ಲ. ಇವತ್ತಿನ ಬಸ್ಸು ಹತ್ತುವಷ್ಟು ಇರುತ್ತೆ. ಕ್ರೈಸ್ತ ಗೆಳೆಯ ಅದನ್ನ ದೇವರು ಕೊಟ್ಟದ್ದು ಅಂತಾನೆ. ಪ್ರತಿ ಬೆಳಿಗ್ಗೆ ಮತ್ತೆ ಕೈ ಚಾಚಬೇಕು ಅಂತಾನೆ.

ಬಾಬಾಸಾಹೇಬರನ್ನು ಓದಿದವರಿಗೆ ಇದು ಸುಲಭವಾಗಿ ಗಂಟಲಲ್ಲಿ ಇಳಿಯೋದಿಲ್ಲ. ಮಾಂಟ್ಗೊಮೆರಿಯ ಜನ ನಡೆಯುತ್ತಿದ್ದಾಗಲೇ, 1956ರ ಅಕ್ಟೋಬರ್ 14ರಂದು, ನಾಗಪುರದಲ್ಲಿ ಅವರು ಲಕ್ಷಾಂತರ ಜನರ ಜೊತೆ ಬುದ್ಧನ ಕಡೆ ನಡೆದರು. ಆ ದಾರಿಯಲ್ಲಿ ಬಲ ಕೊಡೋ ದೇವರಿಲ್ಲ. ಕಾಳಾರಾಮ ದೇಗುಲದ ಬಾಗಿಲಲ್ಲಿ 1930ರಿಂದ ವರ್ಷಗಟ್ಟಲೆ ನಿಂತು ನೋಡಿದ ಮನುಷ್ಯ ಅವರು. ಬಾಗಿಲು ತೆಗೆಯದ ದೇವರ ಹತ್ತಿರ ಬಲ ಕೇಳೋದು ಏನು ಅನ್ನೋದು ನ್ಯಾಯವಾದ ಪ್ರಶ್ನೆ. ನಾಗಪುರವಾಗಿ ಒಂದು ತಿಂಗಳಿಗೆ, ನವೆಂಬರ್ 13ರಂದು, ಅಮೆರಿಕದ ಸುಪ್ರೀಂ ಕೋರ್ಟು ಬಸ್ಸಿನ ಭೇದ ತಪ್ಪು ಅಂದಿತು. ದೇವರನ್ನು ಬಿಟ್ಟವರೂ ನಡೆದರು, ಹಿಡಿದವರೂ ನಡೆದರು. ಯಾವುದು ಸರಿ ಅಂತ ತೀರ್ಪು ಕೊಡಲು ನಾವು ಹೋಗುವುದಿಲ್ಲ. ನಡೆಯದೆ ಕೂತವರ ಜೊತೆ ಮಾತ್ರ ನಮ್ಮ ಜಗಳ.

ಆ ಜಗಳ ಚರ್ಚಿನೊಳಗೂ ಇದೆ. ತಮಿಳುನಾಡಿನ ಕೆಲವು ಊರುಗಳಲ್ಲಿ ಒಂದೇ ಚರ್ಚಿನ ದಲಿತ ಹೆಣಕ್ಕೆ ಬೇರೆ ಸ್ಮಶಾನ, ನಡುವೆ ಗೋಡೆ. ಪ್ರಭುತ್ವದ ಗೋಡೆ ಇನ್ನೊಂದು. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಪಟ್ಟಿಯಿಂದ ಕ್ರೈಸ್ತರನ್ನು ಹೊರಗಿಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಒಳಗೆ ಬಂದರು. ಕ್ರೈಸ್ತರನ್ನೂ ಮುಸ್ಲಿಮರನ್ನೂ ಸೇರಿಸಿ ಅಂತ ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಹೇಳಿತು. 2022ರಲ್ಲಿ ಮತ್ತೊಂದು ಆಯೋಗ ಕೂತಿತು, ಅವಧಿ ವಿಸ್ತರಣೆಯೂ ಆಯಿತು. ಮತಾಂತರವಾದ ಮೇಲೂ ಊರವನ ಕಣ್ಣಿಗೆ ಅವನು ಅದೇ ಹೊಲೆಯ, ಅದೇ ಮಾದಿಗ. ಕಾಗದದಲ್ಲಿ ಮಾತ್ರ ಅಲ್ಲ.

ಇಷ್ಟೆಲ್ಲ ಆದರೂ ಕೆಲವು ಪಾದ್ರಿಗಳು ಪೀಠದ ಮೇಲಿಂದ ತಾಳ್ಮೆಯನ್ನೇ ಬೋಧಿಸುತ್ತಾರೆ. ಲೂಕನ ಸುವಾರ್ತೆಯ ಹದಿನೆಂಟನೇ ಅಧ್ಯಾಯದಲ್ಲಿ, ಬೇಸರಗೊಳ್ಳದೆ ಪ್ರಾರ್ಥನೆ ಮಾಡುವುದು ಹೇಗೆ ಅಂತ ತೋರಿಸಲು ಯೇಸು ಒಂದು ಕಥೆ ಹೇಳುತ್ತಾನೆ. ಅದರಲ್ಲಿ ಮೊಣಕಾಲೂರಿದ ಭಕ್ತ ಇಲ್ಲ. ದೇವರಿಗೂ ಹೆದರದ, ಮನುಷ್ಯರನ್ನೂ ಲೆಕ್ಕಿಸದ ಒಬ್ಬ ನ್ಯಾಯಾಧೀಶ ಇದ್ದಾನೆ. ನ್ಯಾಯ ಕೊಡು ಅಂತ ಅವನ ಬಾಗಿಲಿಗೆ ಮತ್ತೆ ಮತ್ತೆ ಬರುವ ಒಬ್ಬ ವಿಧವೆ ಇದ್ದಾಳೆ. ಇವಳ ಕಾಟ ತಾಳಲಾರದೆ ಅವನು ನ್ಯಾಯ ಕೊಡುತ್ತಾನೆ. ಗೆಳೆಯರೇ, ನಿಮ್ಮೂರ ಚರ್ಚಿನಲ್ಲಿ ಆ ಅಧ್ಯಾಯ ಓದಿದ ದಿನ ಪಾದ್ರಿಯವರನ್ನು ಕೇಳಿ: ಸ್ವಾಮಿ, ಆಯಮ್ಮನ ಜೊತೆ ಕಚೇರಿಗೆ ನೀವು ಯಾವತ್ತು ಬರ್ತೀರಿ?