ಅರ್ಧದಾರಿಯ ಋಣ

ಹೋದ ವರ್ಷ ತೊಗರಿಯ ರಾಶಿ ಮುಗಿಯುವ ಹೊತ್ತಿಗೆ ಸುಲೇಪೇಟದ ನಮ್ಮ ಮನೆಯಲ್ಲಿ ತಂದೆಮಕ್ಕಳಿಗೆ ಮಾತು ನಿಂತುಹೋಯಿತು. ಎಂಟು ವರ್ಷ ಸಿಮೆಂಟು ಕಾರಖಾನೆಯೊಂದರಲ್ಲಿ ದುಡಿದ ಅಣ್ಣನ ಮಗ ಆ ಕೆಲಸವನ್ನು ಬಿಟ್ಟು, ಕೊಲ್ಲಿಯ ನಾಡಿನಲ್ಲಿ ಎಣ್ಣೆ ಶುದ್ಧಮಾಡುವ ಸ್ಥಾವರಕ್ಕೆ ಹೋಗುವೆನೆಂದು ಹೇಳಿದ್ದ. ಅಣ್ಣನಾದರೋ ಮೂವತ್ತೊಂದು ವರ್ಷ ಒಂದೇ ಕಾರಖಾನೆಯ ಭೋಂಗಾ ಕೇಳಿ ಎದ್ದವನು.

“ಉಂಡ ಮನೀಗಿ ಎರಡು ಬಗೀಬಾರ್ದು. ಇದು ನಮಕ್‌ಹರಾಮ್ ಕೆಲಸ,” ಎಂದ ಅಣ್ಣ.

ಹುಡುಗ ತಂದೆಗೆ ಎದುರಾಡಲಿಲ್ಲ. ಸಂಜೆ ನನ್ನ ಬಳಿ ಬಂದು ಕೂತು ಹೇಳಿದ: “ಕಾಕಾ, ಎಂಟು ವರ್ಷದಾಗ ಮೂರು ಮಂದಿ ಗುತ್ತೇದಾರರು ಬದಲಾದ್ರು. ನಾ ಯಾರ ಉಪ್ಪು ತಿಂದೀನಿ, ನೀವೇ ಹೇಳ್ರಿ.”

ಉತ್ತರ ಹೇಳಲು ನನಗೆ ಒಡನೆ ಬಾಯಿ ಬರಲಿಲ್ಲ. ಇಬ್ಬರ ಮಾತಿನಲ್ಲಿಯೂ ಸತ್ಯವುಂಟೆಂದು ತೋರಿತು.

ಅಣ್ಣನ ಪಕ್ಷವನ್ನು ಮೊದಲು ನೋಡೋಣ. ಹುಡುಗನದು ಬೆಂಕಿಯ ತಾಪ ತಾಳುವ ಇಟ್ಟಿಗೆ ಕಟ್ಟುವ ಕೆಲಸ. ಸುಣ್ಣದ ಕಲ್ಲಿನ ಪುಡಿ ಸುಮಾರು 1450 ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ ಬೆಂದು ಕ್ಲಿಂಕರ್ ಆಗುವುದು, ನಿಧಾನವಾಗಿ ಹೊರಳುತ್ತಲೇ ಇರುವ ಉದ್ದನೆಯ ಉಕ್ಕಿನ ಕೊಳವೆಯೊಳಗೆ. ಆ ಉಕ್ಕನ್ನು ಬೆಂಕಿಯಿಂದ ಕಾಯುವುದು ಒಳಗೆ ಸುತ್ತುಸುತ್ತಾಗಿ, ಬಳೆಗಳಂತೆ ಕಟ್ಟಿದ ಇಟ್ಟಿಗೆ. ಒಂದು ಸುತ್ತು ಸಡಿಲವಾಗಿ ಇಟ್ಟಿಗೆ ಉದುರಿತೆಂದರೆ ಹೊರಗಿನ ಉಕ್ಕು ಕೆಂಪೇರುತ್ತದೆ, ಇಡೀ ಭಟ್ಟಿಯನ್ನೇ ನಿಲ್ಲಿಸಬೇಕಾಗುತ್ತದೆ. ಸುತ್ತನ್ನು ಮುಚ್ಚುವ ಕೊನೆಯ ಇಟ್ಟಿಗೆಯನ್ನು ಎಷ್ಟು ಬಿಗಿಯಾಗಿ ಕೂರಿಸಬೇಕೆಂಬುದು ಪುಸ್ತಕ ಓದಿದವನಿಗಲ್ಲ, ಪಳಗಿದ ಕೈಗೆ ಗೊತ್ತು. ಕೈ ಪಳಗಲು ವರ್ಷಗಳು ಬೇಕು. ಅಷ್ಟು ವರ್ಷಗಳ ತಪ್ಪುಗಳನ್ನು ಸಹಿಸಿಕೊಂಡದ್ದು ಕಾರಖಾನೆಯೇ. ಎಣ್ಣೆಯ ಸ್ಥಾವರದ ಕುಲುಮೆಗಳಿಗೂ ಇಂಥ ಒಳಗೋಡೆ ಬೇಕಾದ್ದರಿಂದಲೇ ಅವನಿಗೆ ಕರೆ ಬಂದದ್ದು. ಇಲ್ಲಿ ಕಲಿತದ್ದನ್ನು ಅಲ್ಲಿ ಮಾರುವುದು ಸರಿಯೇ ಎಂದು ಅಣ್ಣ ಕೇಳಿದರೆ ಅದು ಬರಿಯ ಹಳಬರ ಗೊಣಗಾಟವಲ್ಲ.

ಆದರೆ ಹುಡುಗನ ಪಕ್ಷವೂ ಹಗುರವಲ್ಲ. ಅಣ್ಣ ಕಾರಖಾನೆಯ ಪಟ್ಟಿಯಲ್ಲಿದ್ದವನು. ಮಗನಿದ್ದದ್ದು ಗುತ್ತೇದಾರನ ಪಟ್ಟಿಯಲ್ಲಿ. ಗುತ್ತಿಗೆ ಮುಗಿದಾಗಲೆಲ್ಲ ಅವನು ಹೊಸಬ. ನಂಬಿ ನಿಂತವರ ಗತಿಯೂ ನಮ್ಮ ಕಣ್ಣಮುಂದಿದೆ. ಸೇಡಂ ತಾಲ್ಲೂಕಿನ ಕುರಕುಂಟದಲ್ಲಿದ್ದ ಭಾರತ ಸಿಮೆಂಟ್ ನಿಗಮದ ಕಾರಖಾನೆ 1990ರ ದಶಕದ ಕೊನೆಯಲ್ಲಿ ಉತ್ಪಾದನೆ ನಿಲ್ಲಿಸಿತು. ಸರ್ಕಾರದ ನೌಕರಿ, ಸಾಯುವತನಕ ಅನ್ನ ಎಂದು ಕೂತವರು ನಡುವಯಸ್ಸಿನಲ್ಲಿ ಬೇರೆ ದಾರಿ ಹುಡುಕಬೇಕಾಯಿತು. ಎಣ್ಣೆಯ ಲೋಕವೂ ಇದಕ್ಕಿಂತ ಮೆತ್ತಗಿನದಲ್ಲ. 2014ರ ನಡುವಿನಲ್ಲಿ ಪೀಪಾಯಿಗೆ 100 ಡಾಲರಿಗೂ ಮೇಲಿದ್ದ ಕಚ್ಚಾ ಎಣ್ಣೆಯ ಬೆಲೆ 2016ರ ಆರಂಭದಲ್ಲಿ 30 ಡಾಲರಿಗೂ ಕೆಳಗಿಳಿದಾಗ ಜಗತ್ತಿನಲ್ಲಿ ಲಕ್ಷಗಟ್ಟಲೆ ಜನರ ಕೆಲಸ ಹೋಯಿತು. ಬೆಲೆ ಮತ್ತೆ ಏರಿದ ಮೇಲೆ ಅದೇ ಉದ್ಯಮ, ನುರಿತವರು ಸಿಗುವುದಿಲ್ಲ, ಬಂದವರು ನಿಲ್ಲುವುದಿಲ್ಲ ಎಂದು ಕೊರಗಿತು. ಓಡಿಸಿದವನೇ ಓಡಿದವನನ್ನು ದೂರಿದಂತಾಯಿತು.

ಈ ವ್ಯಾಜ್ಯ ಹೊಸದೇನಲ್ಲ. ಶಹಾಬಾದಿಗೆ ಹತ್ತಿರದ ಮರತೂರು ವಿಜ್ಞಾನೇಶ್ವರನ ಊರೆಂದು ನಮ್ಮ ಕಡೆಯ ಪ್ರತೀತಿ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಅವನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ. ಆಸ್ತಿಯ ಪಾಲಿಗೆ ಮಾತ್ರ ನಾವು ಆ ಹೆಸರನ್ನು ನೆನೆಯುತ್ತೇವೆ. ಆದರೆ ಆ ಸ್ಮೃತಿಯಲ್ಲಿ ಕೂಲಿಯ ವಿಚಾರವೂ ಇದೆ. ಕೂಲಿ ಪಡೆದು ಕೆಲಸ ಬಿಟ್ಟವನು ಇಮ್ಮಡಿ ತೆರಬೇಕು. ಹೊರೆ ಹೊರುವವನು ಹೊರಡುವ ಹೊತ್ತಿಗೆ ಬಿಟ್ಟರೆ ಕೂಲಿಯ ಏಳನೆಯ ಒಂದು ಪಾಲು, ದಾರಿಯಲ್ಲಿ ಬಿಟ್ಟರೆ ಕಾಲುಪಾಲು, ಅರ್ಧದಾರಿಯಲ್ಲಿ ಬಿಟ್ಟರೆ ಪೂರ್ತಿ ಕೂಲಿ ಕೊಡಬೇಕು. ಇಷ್ಟಕ್ಕೇ ನಿಂತಿದ್ದರೆ ಇದು ಧಣಿಗಳ ಶಾಸ್ತ್ರವಾಗುತ್ತಿತ್ತು. ಆದರೆ ಅದೇ ಶ್ಲೋಕದ ಕೊನೆಯಲ್ಲಿ, ಆಳನ್ನು ಹಾಗೆ ಬಿಡಿಸಿದವನಿಗೂ ಇದೇ ತೆರವೆಂದು ಹೇಳಿದೆ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಕೆಲಸವನ್ನು ಬಿಡುವುದೇ ಪಾಪವೆಂದು ಆ ಶಾಸ್ತ್ರ ಹೇಳಲಿಲ್ಲ. ಎಲ್ಲಿ ಬಿಟ್ಟೆ ಎಂದು ಕೇಳಿತು. ಊರ ಬಾಗಿಲಲ್ಲಿ ಬಿಟ್ಟರೆ ಇನ್ನೊಬ್ಬ ಆಳು ಸಿಕ್ಕಾನು. ಅಡವಿಯ ನಡುವೆ ಬಿಟ್ಟರೆ ಹೊರೆಯ ಗತಿಯೇನು? ಋಣದ ಅಳತೆ ಉಂಡ ಅನ್ನದ ಲೆಕ್ಕದಲ್ಲಿಲ್ಲ, ನಡುದಾರಿಯಲ್ಲಿ ನಿಂತವನ ಕಷ್ಟದಲ್ಲಿದೆ. ಹಾಗೆ ನೋಡಿದರೆ ಎರಡು ಕಡೆಯ ಅರ್ಧದಾರಿ ಒಂದೇ ಅಲ್ಲ. ಒಬ್ಬ ಕುಶಲಿ ಹೋದರೆ ಕಾರಖಾನೆಗೆ ಕೆಲವು ತಿಂಗಳ ತೊಂದರೆ. ಕಾರಖಾನೆ ಅವನನ್ನು ಬಿಟ್ಟರೆ ಮಗಳ ಶಾಲೆ, ತೀರದ ಸಾಲ, ನಲವತ್ತೈದರ ವಯಸ್ಸು ಎಲ್ಲವೂ ಅಡವಿಯ ನಡುವೆ ನಿಲ್ಲುತ್ತವೆ. ಮನುಷ್ಯನನ್ನು ವರ್ಷವರ್ಷವೂ ಅರ್ಧದಾರಿಯಲ್ಲೇ ಇರಿಸಿಕೊಂಡವರು ಅವನಿಂದ ಉಪ್ಪಿನ ಋಣ ಕೇಳುವುದು ಯಾವ ನ್ಯಾಯ?

ಕಾಯಿದೆಯೂ ಈ ನಿಷ್ಠೆಗೆ ಅಳತೆ ಹಿಡಿದಿದೆ. 1972ರ ಗ್ರಾಚ್ಯುಟಿ ಕಾಯಿದೆ ಐದು ವರ್ಷದ ಸತತ ಸೇವೆಯನ್ನು ಕೇಳಿತು; 2020ರ ಸಾಮಾಜಿಕ ಭದ್ರತೆಯ ಸಂಹಿತೆ ನಿಗದಿತ ಅವಧಿಗೆ ನೇಮಕವಾದವನಿಗೆ ಒಂದು ವರ್ಷ ಸಾಕೆಂದಿತು. ಜನ ನಿಲ್ಲರೆಂದು, ಅವರನ್ನು ನಿಲ್ಲಿಸಿಕೊಳ್ಳುವವರೂ ಕಡಿಮೆಯೆಂದು ಕಾನೂನೇ ಒಪ್ಪಿಕೊಂಡಂತೆ ನನಗೆ ಕಾಣುತ್ತದೆ.

ಹಾಗಾದರೆ ಹುಡುಗನಿಗೆ ಯಾವ ಋಣವೂ ಇಲ್ಲವೆ? ಇದೆ. ಅದು ಮಾಲಿಕನದೂ ಅಲ್ಲ, ಗುತ್ತೇದಾರನದೂ ಅಲ್ಲ. ಭಟ್ಟಿಯೊಳಗೆ ಮಗ್ಗುಲಲ್ಲಿ ಕೂತು ಇಟ್ಟಿಗೆ ಕೊಟ್ಟವರದು. ಅದನ್ನು ನಾನು ಅವನಿಗೆ ಹೇಳಿಕೊಡಬೇಕಾಗಲಿಲ್ಲ. ಆ ವರ್ಷದ ದುರಸ್ತಿಗೆ ಭಟ್ಟಿ ನಿಲ್ಲುವತನಕ ಅವನು ಕಾದ. ಸುತ್ತು ಮುಚ್ಚುವುದನ್ನು ಇಬ್ಬರು ಹುಡುಗರ ಕೈಯಿಂದಲೇ ಮಾಡಿಸಿ ಕಲಿಸಿದ. ಭಟ್ಟಿಗೆ ಮತ್ತೆ ಬೆಂಕಿಯಿಟ್ಟ ಮೇಲೆ ಮನೆಗೆ ಬಂದ. ಈ ಸುದ್ದಿ ಅಣ್ಣನಿಗೆ ಹಳೆಯ ಜೊತೆಗಾರರಿಂದ ತಿಳಿಯಿತು.

ಹೊರಡುವ ಬೆಳಗ್ಗೆ ಅಣ್ಣ ಬಸ್‌ಸ್ಟ್ಯಾಂಡಿಗೆ ಬಂದ. ಕೈಯಲ್ಲಿ ನಮ್ಮ ಹೊಲದ ತೊಗರಿಬೇಳೆಯ ಗಂಟಿತ್ತು.

“ಅಲ್ಲಿನೂ ಅರ್ಧಕ್ಕ ಬಿಟ್ಟು ಬರಬ್ಯಾಡ,” ಎಂದ.

“ಅವರು ಅರ್ಧಕ್ಕ ಕೈಬಿಡ್ಲಿಲ್ಲಂದ್ರ ನಾನೂ ಬಿಡಲ್ಲಪ್ಪ,” ಎಂದು ಹುಡುಗ ಕಾಲಿಗೆರಗಿದ.

ಅಣ್ಣ ಮರುಮಾತಾಡಲಿಲ್ಲ. ಬಸ್ಸು ಸೇಡಮ್ಮಿನ ದಾರಿ ಹಿಡಿದು ಮರೆಯಾಗುವವರೆಗೂ ನಿಂತಿದ್ದು, ಆಮೇಲೆ ನನ್ನೊಡನೆ ಮನೆಯ ಕಡೆಗೆ ನಡೆದ.