ಕಡತದೊಳಗಿನ ಸಂಶೋಧಕಿ

1973ರಲ್ಲಿ ಅಮೆರಿಕದ ಯುವ ಮಾನವಶಾಸ್ತ್ರಜ್ಞೆಯೊಬ್ಬರು ಕ್ಷೇತ್ರಕಾರ್ಯಕ್ಕೆಂದು ಕಮ್ಯುನಿಸ್ಟ್ ರೊಮೇನಿಯಕ್ಕೆ ಹೋದರು. ಟ್ರಾನ್ಸಿಲ್ವೇನಿಯದ ಹಳ್ಳಿಯೊಂದರಲ್ಲಿ ನೆಲೆಸಿ ಅಲ್ಲಿನ ಬೇಸಾಯವನ್ನೂ ಜನಾಂಗಗಳ ನಡುವಿನ ಸಂಬಂಧವನ್ನೂ ಅರಿಯುವುದು ಅವರ ಉದ್ದೇಶ. ಹೋದ ಹೊಸದರಲ್ಲೇ ಮೋಟಾರ್‌ಬೈಕ್ ಏರಿ, ಅರಿವಿಲ್ಲದೆ, ಸೇನೆಯ ನಿಷಿದ್ಧ ವಲಯದೊಳಗೆ ಹೋಗಿಬಿಟ್ಟರು. ಗೂಢಚಾರಿಣಿ ಎಂಬ ಶಂಕೆ ಅಂದು ಅಂಟಿದ್ದು ಮತ್ತೆ ಬಿಡಲಿಲ್ಲ.

1989ರ ಡಿಸೆಂಬರಿನಲ್ಲಿ ಆ ಆಡಳಿತ ಕುಸಿಯಿತು. ರಹಸ್ಯ ಪೊಲೀಸರ ಕಡತಗಳನ್ನು ಸಂಬಂಧಪಟ್ಟವರು ನೋಡಬಹುದೆಂಬ ಕಾನೂನು 1999ರಲ್ಲಿ ಬಂತು. 2008ರಲ್ಲಿ ಇವರ ಕಡತ ಕೈಸೇರಿದಾಗ ಅದು 2,781 ಪುಟಗಳಷ್ಟಿತ್ತು. ಮರೆಯಿಂದ ತೆಗೆದ ಫೋಟೊಗಳು, ಒಡೆದು ನಕಲು ಮಾಡಿಕೊಂಡ ಪತ್ರಗಳು, ಪುಟ ಪುಟಕ್ಕೂ ಮಾಹಿತಿದಾರರ ವರದಿಗಳು. ವರದಿ ಕೊಟ್ಟವರಲ್ಲಿ ಆಪ್ತ ಸ್ನೇಹಿತರೂ ಇದ್ದರು. ಅಂಥ ಕೆಲವರನ್ನು ಈ ಸಂಶೋಧಕಿ ಹುಡುಕಿಕೊಂಡು ಹೋಗಿ ಮಾತಾಡಿಸಿದರು. ಕಡತ ಬರೆಸಿದ ಅಧಿಕಾರಿಗಳನ್ನೂ ಕಂಡರು. ಇದನ್ನೆಲ್ಲ ಪುಸ್ತಕವಾಗಿ ಬರೆಯುವಾಗ ಮಾಹಿತಿದಾರರ ನಿಜ ಹೆಸರು ಹಾಕಲಿಲ್ಲ. ಆ ನಿರ್ಧಾರ ಸರಿ ಎಂದೇ ನನ್ನ ಅಭಿಪ್ರಾಯ.

ವಿದೇಶಿಯರೊಡನೆ ಆಡಿದ ಮಾತನ್ನು ವರದಿ ಮಾಡಲೇಬೇಕೆಂಬ ನಿಯಮವಿದ್ದ ದೇಶ ಅದು. ಮಗನ ಓದು, ತನ್ನ ನೌಕರಿ, ಎಲ್ಲವೂ ಸರ್ಕಾರದ ಕೈಯಲ್ಲಿದ್ದಾಗ ‘ಇಲ್ಲ’ ಎನ್ನುವ ಧೈರ್ಯ ಎಷ್ಟು ಜನಕ್ಕೆ ಬಂದೀತು? ಆದರೂ ಕೇಳಿದ್ದಕ್ಕಿಂತ ಹೆಚ್ಚು ಹೇಳಿದವನಿಗೆ ಈ ವಿನಾಯಿತಿ ಸಲ್ಲದು. ಭಯ ಒಂದು, ಉತ್ಸಾಹ ಇನ್ನೊಂದು.

ಸಮಾಜವಾದಿ ವ್ಯವಸ್ಥೆ ಅಳಿದ ನಾಡುಗಳನ್ನು ಅಧ್ಯಯನ ಮಾಡುವವರಿಗೆ ಇಂದು ಇಂಥ ಕಡತಗಳೇ ಆಕರ. ಊರಲ್ಲಿ ನಡೆದದ್ದಕ್ಕಿಂತ ಕಚೇರಿ ನಂಬಿದ್ದೇ ಅವುಗಳಲ್ಲಿ ಹೆಚ್ಚು. ಅದನ್ನು ಮರೆತು ಓದಿದರೆ ಹಳೆಯ ಅನ್ಯಾಯಕ್ಕೆ ಹೊಸ ಮುದ್ರೆ ಒತ್ತಿದಂತೆ.

ಇನ್ನೂ ಕಠಿಣವಾದ ಮಾತೊಂದಿದೆ. ಈ ವಿದುಷಿಯೂ ಯಾರು ಏನೆಂದರೆಂದು ಬರೆದಿಡುತ್ತಿದ್ದರು, ಒಬ್ಬರ ಮಾತನ್ನು ಇನ್ನೊಬ್ಬರಲ್ಲಿ ಪರೀಕ್ಷಿಸುತ್ತಿದ್ದರು, ಜನರಿಗೆ ಬೇರೆ ಹೆಸರಿಡುತ್ತಿದ್ದರು. ಪೊಲೀಸರೂ ಅದನ್ನೇ ಮಾಡುತ್ತಿದ್ದರು. ಪೊಲೀಸರ ಬೆನ್ನಿಗೆ ದಂಡಶಕ್ತಿಯಿತ್ತು ಎಂಬ ವ್ಯತ್ಯಾಸ ಸಣ್ಣದಲ್ಲ. ಆದರೆ ಆಕೆಯೊಡನೆ ಮಾತಾಡಿದ ತಪ್ಪಿಗೇ ಹಳ್ಳಿಯವರು ಆ ಶಕ್ತಿಯ ಕಣ್ಣಿಗೆ ಬಿದ್ದರು. ಹೋಲಿಕೆಯನ್ನು ಆಕೆಯೇ ಮರೆಮಾಚದೆ ಒಪ್ಪಿಕೊಂಡಿದ್ದಾರೆ. ಆ ಪ್ರಾಮಾಣಿಕತೆ ದೊಡ್ಡದು.

ಇನ್ನೊಬ್ಬರ ಬದುಕನ್ನು ಬರೆಯುವ ನಮ್ಮೆಲ್ಲರಿಗೂ, ಪತ್ರಕರ್ತ, ಸಮೀಕ್ಷಕ, ಸಂಶೋಧಕ ಯಾರೇ ಆಗಲಿ, ಈ ಪ್ರಶ್ನೆ ತಪ್ಪಿದ್ದಲ್ಲ. ತಮ್ಮ ಕಡತ ಓದುವ ಹಕ್ಕು ಆಕೆಗೆ ಕೊನೆಗಾದರೂ ಸಿಕ್ಕಿತು. ನಮ್ಮ ಟಿಪ್ಪಣಿಯಲ್ಲಿ ತನ್ನ ಮನೆಯ ಬಗ್ಗೆ ಏನಿದೆಯೆಂದು ಹಳ್ಳಿಯ ಮುದುಕಿಯೊಬ್ಬಳು ಕೇಳಿದರೆ, ಪುಸ್ತಕ ತೆರೆದು ಓದಿ ಹೇಳಲು ನಮ್ಮಲ್ಲಿ ಎಷ್ಟು ಜನ ಸಿದ್ಧರಿದ್ದೇವೆ?